ಲೇ ಎಂಬ ಒಂದೇ ಅಕ್ಷರ

ಬಳ್ಳಾರಿಯ ಪಾರ್ವತಿನಗರದಲ್ಲಿ ಹೈಸ್ಕೂಲು ಮುಗಿಸಿದವನೊಬ್ಬ ಭಾಷಾ ವಿದ್ವಾಂಸನಾಗುವುದಕ್ಕೆ ಹೆಚ್ಚೇನೂ ಬೇಕಾಗುವುದಿಲ್ಲ. ಕೆಲಸ ಬಿಟ್ಟು ಮನೆಯಲ್ಲಿರಬೇಕು, ಇಸ್ತ್ರಿ ಮಾಡಿದ ಬಿಳಿ ಅಂಗಿ ಇರಬೇಕು, ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಉಳಿದವರಿಗಿಂತ ಸ್ವಲ್ಪ ಜೋರಾಗಿ ಮಾತಾಡಬೇಕು. ಈ ಮೂರೂ ನನಗಿದ್ದವು.

ನಮ್ಮ ಮುದುಕರ ಬಳಗ ಪ್ರತಿ ನವೆಂಬರಿನಲ್ಲಿ ಒಬ್ಬ ಸದಸ್ಯನನ್ನು ಹಿಡಿದು ಭಾಷಣ ಮಾಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತದೆ. ಕೇಳುವವರೂ ನಾವೇ, ಹೊಗಳುವವರೂ ನಾವೇ. ಸರದಿಯ ಮೇಲೆ ವಿದ್ವಾಂಸರಾಗುತ್ತೇವೆ. ಎರಡು ವರ್ಷದ ಹಿಂದೆ ಒಬ್ಬ ನಿವೃತ್ತ ಕಾಂಪೌಂಡರು ಸಕ್ಕರೆ ಕಾಯಿಲೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಇಳಿದು ಬಂದವರೇ ಎರಡು ಜಿಲೇಬಿ ತಿಂದರು. ಹೋದ ವರ್ಷ ನನ್ನ ಸರದಿ ಬಂತು. ನಾನು ಆರಿಸಿಕೊಂಡ ವಿಷಯ ‘ಲೇ’.

ಒಂದೇ ಅಕ್ಷರದ ಮೇಲೆ ಏನು ಮಾತಾಡುತ್ತೀರಿ ಎಂದು ಎಲ್ಲರೂ ಕೇಳಿದರು. ಅವರು ಹಾಗೆ ಕೇಳಲಿ ಎಂದೇ ಆರಿಸಿದ್ದೆ. ಸಿರಿಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ನಾನು ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿಗೆ ಗಡಿಯಾಚೆಯಿಂದ ಭತ್ತ ತರುವ ತೆಲುಗು ರೈತರು ಬರುತ್ತಿದ್ದರು, ಯಂತ್ರ ರಿಪೇರಿಗೆ ಉರ್ದು ಮಾತಿನ ಸಾಹೇಬರು ಬರುತ್ತಿದ್ದರು, ಅಕ್ಕಿ ಒಯ್ಯುವ ತಮಿಳು ಲಾರಿ ಡ್ರೈವರುಗಳು ಬರುತ್ತಿದ್ದರು. ನನ್ನ ಕಾಲೇಜು ಅದೇ. ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಭಾಷಣ ಚೆನ್ನಾಗಿಯೇ ಶುರುವಾಯಿತು. ತೆಲುಗಿನಲ್ಲಿ ಲೇ ಎಂದರೆ ಏಳು. ಟ್ರ್ಯಾಕ್ಟರಿನ ಕೆಳಗೆ ನೆರಳು ನೋಡಿ ಮಲಗಿದವನನ್ನು ರೈತ ಕಾಲಿನಿಂದ ಅಲುಗಾಡಿಸಿ ‘ಲೇ, ಲೇ’ ಎನ್ನುತ್ತಾನೆ. ಅದೇ ರೈತ ಕಾಳು ಚೆಲ್ಲಿದರೆ ‘ಪೋನೀಲೇ’ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಅಲ್ಲಿ ಅದು ಹೋಗಲಿ ಬಿಡು ಎಂಬುದರ ಬಾಲ. ಉರ್ದುವಿನಲ್ಲಿ ಲೇ ಎಂದರೆ ತಗೋ. ಸಾಹೇಬರು ಸಹಾಯಕನಿಗೆ ಬೋಲ್ಟು ತಿರುಗಿಸುವ ಪಾನಾ ಚಾಚುವಾಗ ‘ಲೇ’, ನನಗೆ ಚಾಚುವಾಗ ‘ಲೋ’, ಮಿಲ್ಲಿನ ಮಾಲೀಕರಿಗೆ ಚಾಚುವಾಗ ‘ಲೀಜಿಯೇ’. ಪಾನಾ ಮಾತ್ರ ಒಂದೇ. ತಮಿಳುನಾಡಿನ ದಕ್ಷಿಣದ ತುದಿಯವರು ಗೆಳೆಯನನ್ನು ‘ಏಲೇ’ ಎಂದು ಕರೆಯುತ್ತಾರೆ, ನಮ್ಮವರ ಹಾಗೆಯೇ. ಫ್ರೆಂಚರು ಗಂಡು ಪದಗಳ ಮೊದಲಿಗೆ ಇಂಥದೇ ಒಂದು ಅಕ್ಷರ ಅಂಟಿಸುತ್ತಾರೆಂದು ಮೊಬೈಲು ಹೇಳಿತು. ಅದನ್ನೂ ಹೇಳಿದೆ, ಫ್ರಾನ್ಸಿಗೆ ಹೋಗಿ ಬಂದವನ ಧಾಟಿಯಲ್ಲಿ. ಕನ್ನಡದ್ದಾದರೆ, ಹಳೆಯ ಕಾಲದ ‘ಎಲೇ’ ಎಂಬ ಕೂಗಿನಲ್ಲಿ ಮೊದಲಕ್ಷರ ಬಾಯಿಯಲ್ಲಿ ಸವೆದು ಉಳಿದದ್ದು ಈ ಲೇ ಎಂದೆ. ರಾಜರು ಕೂಗುತ್ತಿದ್ದ ಮಾತನ್ನೇ ಇವತ್ತು ನಾವು ಬಸ್‌ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದೇವೆ ಎಂದಾಗ ಕಾಂಪೌಂಡರು ತಲೆದೂಗಿದರು.

ಆಮೇಲೆ ಮುಕ್ತಾಯ. “ಲೇ ಎಂಬುದು ಸಲಿಗೆಯ ತುದಿ. ತಾಯಿ ಮಗನಿಗೆ ಅನ್ನುತ್ತಾಳೆ, ಗೆಳೆಯ ಗೆಳೆಯನಿಗೆ ಅನ್ನುತ್ತಾನೆ. ಪ್ರೀತಿ ಮಾಗಿದಾಗ ರೀ ಉದುರಿ ಲೇ ಚಿಗುರುತ್ತದೆ.” ಈ ಕೊನೆಯ ವಾಕ್ಯವನ್ನು ಮೂರು ದಿನ ಕಾಯಿಸಿ ಸೋಸಿದ್ದೆ. ಅದಕ್ಕೂ ಮೊದಲು ಮಿಲ್ಲಿನಲ್ಲಿ ಚೀಲ ಹೊರುವ ಹಮಾಲರ ಉದಾಹರಣೆ ಕೊಟ್ಟಿದ್ದೆ: ನಾನು ಲೇ ಎಂದು ಒಮ್ಮೆ ಕೂಗಿದರೆ ಹತ್ತು ಜನ ನಗುನಗುತ್ತ ತಿರುಗುತ್ತಿದ್ದರು, ಅಂಥ ಬಾಂಧವ್ಯ ಎಂದು. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ನಮ್ಮ ಬಳಗದವಳಲ್ಲದ, ನೋಟಿಸು ನೋಡಿ ಬಂದಿದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ನಲವತ್ತು ದಾಟಿರಬೇಕು, ಕನ್ನಡಕ, ಹೆಗಲಿಗೆ ಚೀಲ, ನೋಡಿದರೆ ಶಾಲೆಯ ಟೀಚರು.

“ಸರ್, ಒಂದು ಸಣ್ಣ ಡೌಟು.”

“ಕೇಳಮ್ಮಾ” ಎಂದೆ, ಬಹಳ ಉದಾರವಾಗಿ.

“ನೀವು ಹಮಾಲರಿಗಿ ಲೇ ಅಂತಿದ್ರಿ. ಪ್ರೀತಿಲೇ ಅಂತಿದ್ರಿ ಅಂತ ಇಟ್ಕೊಳ್ಳೋಣ. ಅವರು ತಿರುಗಿ ನಿಮಗ ಒಮ್ಮ್ಯಾರ ಲೇ ಅಂದಾರೇನ್ರಿ?”

ಕಾಂಪೌಂಡರು ಕಿಸಕ್ಕೆಂದರು. ಇಲ್ಲ ಎಂದೆ.

“ಹಂಗಾರ ಪ್ರೀತಿ ನಿಮ್ಮ ಕಡಿಂದ ಅಷ್ಟ ಇತ್ತು ಅನ್ರಿ” ಎಂದು ಕೂತಳು.

ಕಾರ್ಯಕ್ರಮ ನಡೆಸುವವರು ಗಾಬರಿಯಾಗಿ ಶಾಲು ತಂದರು. ಅದು ಹೆಗಲ ಮೇಲೆ ಬೀಳುವಾಗ ಅವಳು ಯಾರೆಂದು ಗುರುತು ಹತ್ತಿತು. ನಮ್ಮ ಮಿಲ್ಲಿನ ಹಮಾಲರ ಗುಂಪಿಗೆ ಹಿರಿಯರಾಗಿದ್ದವರ ಮಗಳು. ಅವಳ ಮದುವೆಯ ದಿನದಿಂದ ಅವಳು ನನ್ನೊಡನೆ ಮಾತಾಡಿರಲಿಲ್ಲ.

ಆ ಹಿರಿಯರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮೂವತ್ತೆರಡು ವರ್ಷ ನಾನು ಅದನ್ನು ಬಾಯಲ್ಲಿ ಆಡಲಿಲ್ಲ, ಈಗ ಈ ಬರಹದಲ್ಲಿ ಹಾಕಿ ಉಪಕಾರ ಮಾಡುವುದು ಬೇಡ. ಕುರುಗೋಡಿನ ಹತ್ತಿರದ ಬಾದನಹಟ್ಟಿಯವರು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಭತ್ತದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆಯ ಮೇಲೆ ಹತ್ತುವಾಗ ಹಲಗೆ ಬಗ್ಗುತ್ತಿತ್ತು, ಅವರು ಬಗ್ಗುತ್ತಿರಲಿಲ್ಲ. ಎಷ್ಟನೆಯ ಚೀಲವೆಂದು ನಾನು ಮರೆತರೆ ನೆನಪಿಸುತ್ತಿದ್ದವರೂ ಅವರೇ. ಅವರನ್ನು ನಾನು ಲೇ ಎನ್ನುತ್ತಿದ್ದೆ. ಅವರು ನನಗೆ ‘ರೀ ಸರ್’ ಎನ್ನುತ್ತಿದ್ದರು. ಇದನ್ನು ಯಾರೂ ನಮಗೆ ಮಿಲ್ಲಿನಲ್ಲಿ ಕಲಿಸಲಿಲ್ಲ. ಇಬ್ಬರೂ ಕಲಿತೇ ಬಂದಿದ್ದೆವು.

ನಾನು ಕಲಿತದ್ದು ಕುರುಗೋಡಿನ ನಮ್ಮ ಕಣದಲ್ಲಿ. ಚಿಕ್ಕವನಿದ್ದಾಗ, ಕೆಲಸಕ್ಕೆ ಬಂದ ಒಬ್ಬ ನರೆಗೂದಲಿನ ಮನುಷ್ಯನಿಗೆ ‘ಬರ್ರಿ’ ಎಂದುಬಿಟ್ಟೆ. ಮನೆಗೆ ಬಂದವರಿಗೆಲ್ಲ ಹಾಗೆ ಅನ್ನಬೇಕೆಂದು ಅಜ್ಜಿಯೇ ಕಲಿಸಿದ್ದಳು. ಅಂದು ಅಜ್ಜಿ ನನ್ನನ್ನು ಒಳಗೆ ಕರೆದು, “ಅವರಿಗಿ ಹಂಗ ಅನಬಾರ್ದಪ್ಪಾ, ಪಾಪ, ಅವರಿಗಿ ಸಂಕೋಚ ಆಕ್ಕೈತಿ” ಎಂದಳು. ಅಷ್ಟು ದಯಾಳು ಆಕೆ. ಆ ದಯೆಯನ್ನು ನಾನು ಅರವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದೆ. ಮಿಲ್ಲಿಗೆ ಬರುವ ಯಾರಿಗೆ ರೀ, ಯಾರಿಗೆ ಲೇ ಎಂದು ನಿರ್ಧರಿಸಲು ನನಗೆ ಮುಖ ನೋಡುವ ಅಗತ್ಯವೇ ಇರಲಿಲ್ಲ. ಎಲ್ಲಿ ನಿಂತು ಮಾತಾಡುತ್ತಾರೆ ಎಂಬುದನ್ನು ನೋಡಿದರೆ ಸಾಕಿತ್ತು. ಮೆಟ್ಟಿಲ ಮೇಲೆ ಬಂದವರಿಗೆ ರೀ. ಮೆಟ್ಟಿಲ ಕೆಳಗೇ ನಿಂತವರಿಗೆ ಇನ್ನೊಂದು.

ಇನ್ನು ಮದುವೆಯ ವಿಷಯ. ಬಳ್ಳಾರಿಯ ಒಂದು ಕಲ್ಯಾಣ ಮಂಟಪ. ಮಗಳನ್ನು ಓದಿಸಿ ಟೀಚರು ಮಾಡಿದ್ದ ಆ ಹಿರಿಯ ಹಮಾಲರು, ಅವಳನ್ನು ತಮ್ಮದೇ ಸಮುದಾಯದ, ಆದರೆ ಪಟ್ಟಣದ ಮನೆತನಕ್ಕೆ ಕೊಟ್ಟಿದ್ದರು. ಬೀಗರು ಸರ್ಕಾರಿ ಕಚೇರಿಯ ಗುಮಾಸ್ತರು. ಬುದ್ಧನ ಪಟದ ಮುಂದೆ ಸರಳವಾಗಿ ಮದುವೆ ಆಯಿತು. ಮಾಲೀಕರ ಪರವಾಗಿ ನಾನು ಉಡುಗೊರೆ ಹಿಡಿದು ಹೋದೆ. ಒಳಗೆ ಕಾಲಿಟ್ಟರೆ, ನಮ್ಮ ಹಮಾಲರು ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು ಸುತ್ತಿಕೊಂಡು, ಬೀಗರ ಪಕ್ಕದಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಬೀಗರು ಬಾಗಿ ‘ನೀವು ಹೇಳಿದಂಗ ಆಗ್ಲಿರಿ ಬೀಗರ’ ಎಂದು ಏನೋ ಹೇಳುತ್ತಿದ್ದರು.

ಏನೋ ಬಾಯಿ ತಪ್ಪಿ ಆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಸುಳ್ಳಾಗುತ್ತದೆ. ಅವರು ಆ ಕುರ್ಚಿಯಲ್ಲಿ ಕೂತದ್ದು ನನಗೆ ಸೇರಲಿಲ್ಲ. ನಾನು ಬಾಗಿಲಲ್ಲೇ ನಿಂತು ನಗುತ್ತ ಕೂಗಿದೆ:

“ಲೇ! ಕುರ್ಚಿ ಸಿಕ್ಕೈತಲ್ಲಲೇ ನಿನಗ. ಏಳೋ ಹಂಗ ಕಾಣ್ಸವಲ್ದು.”

ಅವರು ತಟ್ಟನೆ ಎದ್ದರು. ಮಗಳ ಮದುವೆಯ ದಿನ, ಬೀಗರ ಪಕ್ಕದಿಂದ ಎದ್ದು, ರುಮಾಲು ತೆಗೆದು ಕೈಯಲ್ಲಿ ಹಿಡಿದು, ಅಷ್ಟು ದೂರ ನಡೆದು ಬಂದು “ಬರ್ರಿ ಸರ್” ಎಂದರು. ಮಂಟಪವೆಲ್ಲ ನೋಡಿತು. ಬೀಗರೂ ನೋಡಿದರು. ಮದುಮಗಳು ನನ್ನ ಕಡೆ ನೋಡಿ ಮುಖ ತಿರುಗಿಸಿದಳು. ನಾನು ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡು ಬಂದೆ.

ಭಾಷಣದ ದಿನ ಗೇಟಿನ ಹತ್ತಿರ ಅವಳನ್ನು ತಡೆದೆ. ಶಾಲು ಇನ್ನೂ ಹೆಗಲ ಮೇಲಿತ್ತು, ಬುಟ್ಟಿ ಕೈಯಲ್ಲಿತ್ತು. “ಅಪ್ಪ ಹೆಂಗದಾನಮ್ಮಾ?” ಎಂದೆ.

“ಅದಾರ” ಎಂದಳು. ‘ಅದಾನ’ ಎಂದ ನನ್ನ ಮಾತಿಗೆ ಅಷ್ಟೇ ತಿದ್ದುಪಡಿ. “ಅವತ್ತ ನೀವು ಮಂಟಪದಾಗ ಕೂಗಿದ್ರಲ್ಲ, ಅವತ್ತಿನಿಂದ ನಮ್ಮ ಮಾವನೂ ಅಪ್ಪಗ ಲೇ ಅಂತಾರ. ಅಪ್ಪ ನಾಲ್ಕು ಸಲ ಬಂದ್ರು. ನಾಲ್ಕು ಸಲನೂ ಮಾವ ಬಾಗಿಲದಾಗ ಕುಂತು ‘ಏನಲೇ ಬೀಗ, ಬಂದ್ಯಾ’ ಅಂದ್ರು. ಆಮ್ಯಾಲ ಅಪ್ಪ ನಮ್ಮ ಮನಿಗಿ ಬರೋದ ಬಿಟ್ರು. ಹದಿನೆಂಟು ವರ್ಷ ಆತು. ನನ್ನ ಮಕ್ಕಳನ್ನ ನೋಡಬೇಕಂದ್ರ ನಾನ ಕರ್ಕೊಂಡು ಹೋಗಬೇಕು. ನಿಮ್ಮ ನೋಟ್‌ಬುಕ್ಕಿನಾಗ ಇದನ್ನೂ ಒಂದು ಅರ್ಥ ಅಂತ ಬರ್ಕೊಳ್ರಿ.”

ಬರೆದುಕೊಳ್ಳಲಿಲ್ಲ. ಬಾದನಹಟ್ಟಿಗೆ ಹೋಗಿ ಅವರ ಎದುರು ನಿಂತು ಮರ್ಯಾದೆಯಿಂದ ಮಾತಾಡಿಸಿ ತಪ್ಪಾಯಿತು ಎನ್ನಬೇಕೆಂದು ತೀರ್ಮಾನಿಸಿದೆ. ತೀರ್ಮಾನಿಸುವುದು ಸುಲಭ. ನಾಲಿಗೆಗೆ ಅದನ್ನು ತಿಳಿಸುವುದು ಕಷ್ಟ. ಒಂದು ವಾರ ಮನೆಯ ಕನ್ನಡಿಯ ಮುಂದೆ ನಿಂತು “ನಮಸ್ಕಾರ್ರಿ ಅಣ್ಣಾರ, ಆರಾಮದೀರೇನ್ರಿ” ಎಂದು ರೂಢಿ ಮಾಡಿದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

“ಕನ್ನಡಿಗಿ ಭಾಳ ಮರ್ಯಾದಿ ಕೊಡಾಕತ್ತೀರಲ್ಲ” ಎಂದಳು. “ರೂಢಿಗಿ ಬೇಕಂದ್ರ ನನಗೂ ಎರಡು ಸಲ ಅನ್ರಿ. ಲಗ್ನ ಆದಾಗಿಂದ ನಾನೂ ಕೇಳಿಲ್ಲ.”

“ಸುಮ್ನಿರಲೇ” ಎಂದೆ. ರೂಢಿ ಎಷ್ಟರ ಮಟ್ಟಿಗೆ ಬಂದಿದೆ ಎಂದು ಇಬ್ಬರಿಗೂ ತಿಳಿಯಿತು.

ಭಾನುವಾರ ಕುರುಗೋಡಿನ ತನಕ ಬಸ್ಸು, ಅಲ್ಲಿಂದ ಬಾದನಹಟ್ಟಿಗೆ ಆಟೋ. ಭಾಷಣಕ್ಕೆ ಸಿಕ್ಕ ಶಾಲನ್ನೇ ಮಡಚಿ ತಂದಿದ್ದೆ, ಅವರಿಗೆ ಹೊದಿಸೋಣವೆಂದು. ಪ್ರಾಯಶ್ಚಿತ್ತಕ್ಕೂ ಹೊಸ ಶಾಲು ಕೊಳ್ಳಲಿಲ್ಲ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಮಗಳೂ ಬಂದಿದ್ದಳು, ಅಪ್ಪನ ಔಷಧಿ ತಂದುಕೊಡಲು. ಅವರು ಕಟ್ಟೆಯ ಮೇಲೆ ಕೂತಿದ್ದರು. ಆ ಬೆನ್ನು ಕೊನೆಗೂ ಬಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರು, ಗುರುತು ಹಿಡಿದರು, ಗೋಡೆ ಹಿಡಿದು ಏಳತೊಡಗಿದರು.

ನನಗೆ ಅವರನ್ನು ಕೂರಿಸಬೇಕಿತ್ತು. ಅವಸರದಲ್ಲಿ ನನ್ನ ಬಾಯಿಂದ ಬಂದದ್ದು ಇದು: “ಲೇ, ಕುಂದರಲೇ, ಯಾಕ ಏಳ್ತಿ.”

ಒಂದು ವಾರದ ಕನ್ನಡಿ ನೆಲಕ್ಕೆ ಬಿದ್ದು ಚೂರಾಯಿತು. ಮಗಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅಳುತ್ತಾಳೋ ಎಂದು ನೋಡಿದೆ; ನಗುತ್ತಿದ್ದಳು. “ನಾಲ್ಕು ಭಾಷಿ ಬರ್ತಾವಪ್ಪಾ ಇವರಿಗಿ” ಎಂದಳು. “ರೀ ಅನ್ನೋದೊಂದ ಬರವಲ್ದು.”

ಅವರು ನಗಲಿಲ್ಲ. “ಕುಂದರ್ರಿ ಸರ್” ಎಂದು ಪಕ್ಕದ ಜಾಗ ತೋರಿಸಿದರು. ಕೂತೆ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಎತ್ತರದಲ್ಲಿ ಕೂತದ್ದು ಅದೇ ಮೊದಲು ಎಂದು ಕೂತ ಮೇಲೆ ಹೊಳೆಯಿತು. ಮಂಟಪದ್ದು, ಮಿಲ್ಲಿನದು, ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವರು ಶಾಲನ್ನು ಬೆರಳಲ್ಲಿ ಮುಟ್ಟಿ ನೋಡಿ ಬದಿಗಿಟ್ಟರು.  ಅದು ಅಲ್ಲಿ ಹಾಗೇ ಬಿದ್ದಿದ್ದು ನನಗೆ ತಡೆಯಲಾಗಲಿಲ್ಲ. ಒಂದು ಉಪಾಯ ಹೊಳೆಯಿತು, ನನ್ನ ಎಲ್ಲ ಉಪಾಯಗಳ ಹಾಗೆ ನನಗೇ ಅನುಕೂಲವಾದದ್ದು.

“ನೀನು... ನೀವು ನನಗ ಒಂದ್ಸಲ ಲೇ ಅನ್ರಿ” ಎಂದೆ. “ಬೈದಂಗ ಅನ್ರಿ. ಸರಿ ಹೋಗ್ಲಿ.”

ಅವರು ನನ್ನ ಕಡೆ ತಿರುಗಿದರು.

“ಅಂದ್ರ ನಿಮಗ ಹಗುರ ಆಗತೈತಿ” ಎಂದರು. “ನಿಮ್ಮ ಚೀಲ ಅಷ್ಟು ವರ್ಷ ಹೊತ್ತೀನಿ. ಇದನ್ನೂ ನಾನ ಹೊರಬೇಕೇನ್ರಿ?”

 ಮಗಳು ಒಳಗಿಂದ ಚಹಾ ತಂದಳು. ಎರಡು ಗುಟುಕು ಕುಡಿದು ಅವರೇ ಮುಂದುವರಿಸಿದರು.

“ನನಗ ಏನೂ ಆಗಬೇಕಾಗಿಲ್ರಿ ಈಗ. ನೀವು ಅಂದ್ರಿ, ನಾ ಕೇಳಿದೆ, ಮಿಲ್ಲು ಮುಚ್ಚಿತು. ಮಗಳ ಮನಿದ ಮಾತ್ರ ಉಳದೈತಿ. ನೀವು ಬಂದಿದ್ದ ಖರೇ ಆದ್ರ ಬಳ್ಳಾರಿಗಿ ಹೋಗಿ ಬೀಗನ ಮುಂದ ಹೇಳ್ರಿ. ಇಲ್ಲಿ ಹೇಳಿದ್ರ ಯಾರು ಕೇಳ್ತಾರ, ಗ್ವಾಡಿ.”

ನಾನು ನಿರೀಕ್ಷಿಸಿದ್ದು ಕಣ್ಣೀರು, ಕ್ಷಮೆ, ಆಮೇಲೆ ಸಂಜೆಯ ಬಸ್ಸು. ಸಿಕ್ಕಿದ್ದು ಕೆಲಸ. ಅದೂ ಮೆಟ್ಟಿಲ ಮೇಲೆ ನಿಂತು ಲೇ ಎಂದು ಹೇಳಿ ಮಾಡಿಸಿದ್ದಲ್ಲ, ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ರೀ ಎಂದು ಹೇಳಿ ಒಪ್ಪಿಸಿದ್ದು. ಬೇಡ ಎನ್ನಲು ದಾರಿಯೇ ಇರಲಿಲ್ಲ.

ಆದರೂ ಹದಿನೈದು ದಿನ ತಳ್ಳಿದೆ. ಮಂಡಿ ನೋವು ಎಂದುಕೊಂಡೆ. ನನ್ನ ಮನೆಯಿಂದ ಬೀಗರ ಮನೆಗೆ ಆಟೋದಲ್ಲಿ ಕಾಲು ಗಂಟೆಯ ದಾರಿ, ಸಂಗನಕಲ್ಲಿನ ರಸ್ತೆಗೆ. ಆ ಊರಿನ ಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದಿನವರು ಕಲ್ಲು ಕುಟ್ಟಿ ಚಿತ್ರ ಬಿಟ್ಟು ಹೋಗಿದ್ದಾರೆ. ಅವರು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಿದ್ದರೋ ಎಂದು ಆಟೋದಲ್ಲಿ ಕೂತು ಯೋಚಿಸಿದೆ. ಹೆದರಿಕೆಯಾದಾಗ ನನಗೆ ಪಾಂಡಿತ್ಯ ಬರುತ್ತದೆ.

ಬೀಗರು ನಿವೃತ್ತರಾಗಿ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು. “ಓಹೋ, ಬರ್ರಿ ಬರ್ರಿ, ಪಂಡಿತ್ರು” ಎಂದರು. “ಸೊಸಿ ಹೇಳಿದ್ಲು ನಿಮ್ಮ ಭಾಷಣದ್ದು.” ಸೊಸೆ ಒಳಬಾಗಿಲಲ್ಲಿ ನಿಂತಳು. ಅವಳೆದುರೇ ಹೇಳಿದೆ. ಅಂದು ಮಂಟಪದಲ್ಲಿ ನಾನು ಕೂಗಿದ್ದು ಸಲಿಗೆಯಿಂದಲ್ಲ, ನಿಮ್ಮ ಬೀಗರು ಕುರ್ಚಿಯಲ್ಲಿ ಕೂತದ್ದನ್ನು ನೋಡಲಾರದೆ. ಅವರು ನನಗಿಂತ ಹಿರಿಯರು, ನನಗಿಂತ ದೊಡ್ಡ ಮನುಷ್ಯರು. ನೀವು ಆ ಲೇಯನ್ನು ನನ್ನಿಂದ ಕಲಿತಿದ್ದರೆ ದಯವಿಟ್ಟು ಬಿಟ್ಟುಬಿಡಿ ಎಂದೆ.

“ಅಯ್ಯ, ನಾ ಅನ್ನೋದು ಚೇಷ್ಟೀಗಿ ರೀ” ಎಂದು ನಕ್ಕರು ಬೀಗರು. “ಬೀಗರು ಬೀಗರಿಗಿ ಅನಬಾರ್ದೇನು? ಪ್ರೀತಿ ಇದ್ದಲ್ಲೇ ಅನ್ನೋದು.”

ನನ್ನ ಭಾಷಣವನ್ನು ನನಗೇ ಒಪ್ಪಿಸುತ್ತಿದ್ದರು. ಸ್ವಂತದ್ದೊಂದು ಮಾತು ಹೊಳೆಯದೆ, ಅವರ ಸೊಸೆಯ ಪ್ರಶ್ನೆಯನ್ನೇ ಕದ್ದೆ. “ಅವರು ತಿರುಗಿ ನಿಮಗ ಅಂದಾರೇನ್ರಿ?”

ಬೀಗರ ನಗು ನಿಂತಿತು. ಸೊಸೆಯ ಕಡೆ ನೋಡಿದರು, ನೆಲ ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು: “ಆಫೀಸಿನಾಗ ನನಗೂ ಅಂದಾರ್ರಿ. ನನಗಿಂತ ಸಣ್ಣಾವರು. ಹೊರಗ ಬಂದ ಮ್ಯಾಲೆ ರೀ ಅನ್ನಿಸ್ಕೊಂಡು ಅಡ್ಡಾಡೋನು ನಾನು. ಅವತ್ತ ನೀವು ಬಾಗಿಲದಾಗ ಕೂಗಿದಾಗ ಆ ಮನಷ್ಯಾ ಎದ್ದ. ನಾನೂ ಕುರ್ಚಿ ಬಿಟ್ಟು ಅರ್ಧ ಎದ್ದಿದ್ನಿ, ಯಾರಿಗಿ ಅಂದ್ರೋ ಏನೋ ಅಂತ. ಪುಣ್ಯಾಕ ಯಾರೂ ನೋಡ್ಲಿಲ್ಲ. ಆಮ್ಯಾಲ ಅವಗ ನಾನೂ ಅಂದೆ. ಅಂದ್ರ ನಾ ಬ್ಯಾರೆ, ಅವ ಬ್ಯಾರೆ ಅಂತ ನಾಲ್ಕು ಜನಕ್ಕ ಗೊತ್ತಾಗಲಿ ಅಂತ.”

ಸೊಸೆ ಇದನ್ನು ಮೊದಲ ಸಲ ಕೇಳುತ್ತಿದ್ದಳೆಂದು ಅವಳ ಮುಖ ಹೇಳಿತು. ಒಂದು ಅಕ್ಷರ ಕೂಗಿ ನಾನು ಇಬ್ಬರನ್ನು ಎಬ್ಬಿಸಿದ್ದೆ, ಒಬ್ಬರ ಲೆಕ್ಕ ಮಾತ್ರ ನನಗೆ ಗೊತ್ತಿತ್ತು.

ಬೀಗರು ಜೇಬಿನಿಂದ ಮೊಬೈಲು ತೆಗೆದರು. “ತಡೀರಿ” ಎಂದು ಬಾದನಹಟ್ಟಿಗೆ ಹಚ್ಚಿ, ನಮಗೂ ಕೇಳುವಂತೆ ಇಟ್ಟರು. ಆ ಕಡೆ ಎತ್ತಿಕೊಂಡ ಸದ್ದಾಯಿತು.

“ಬೀಗರ, ಆರಾಮದೀರೇನ್ರಿ? ಉಂಡ್ರೇನ್ರಿ?” ಎಂದರು.

 ಆ ಕಡೆಯಿಂದ ಹಮಾಲರ ದನಿ, ಬಹಳ ವಿನಯವಾಗಿ: “ಯಾರ್ರಿ ಮಾತಾಡೋದು? ನಂಬರ್ ತಪ್ಪಿರಬೇಕು ನೋಡ್ರಿ.” ಕಟ್ಟಾಯಿತು.

ಬೀಗರು ಮೊಬೈಲನ್ನು ನೋಡುತ್ತ ಕೂತರು. ಇನ್ನೊಮ್ಮೆ ಹಚ್ಚಿದರು, ಆದರೆ ಈ ಸಲ ಮಾತಾಡಲಾರದೆ ನನ್ನ ಕೈಗೆ ಕೊಟ್ಟರು. ನಾನು, “ನಾನ್ರಿ ಅಣ್ಣಾರ, ಮಿಲ್ಲಿನ ಗುಮಾಸ್ತ” ಎಂದೆ. ಸಲೀಸಾಗಿ ಬಂತು. ಮುಖ ಕಾಣದಿದ್ದರೆ ಬರುತ್ತದೆ. ಅದು ನನ್ನ ಯೋಗ್ಯತೆ. “ಈಗ ಮಾತಾಡಿದ್ದು ನಿಮ್ಮ ಬೀಗರ್ರಿ. ನಂಬರ್ ತಪ್ಪಿಲ್ಲ. ಬರಬೇಕಂತ ಕರೀಲಿಕತ್ತಾರ.”

“ಯಾರು, ಅವರ ಕರೀಲಿಕತ್ತಾರೇನು?”

ಬೀಗರು ಮೊಬೈಲಿನ ಹತ್ತಿರ ಬಾಗಿದರು. “ಹೂನ್ರಿ” ಎಂದರು. 

“ನೋಡೋಣ ತಗೊರಿ” ಎಂದರು ಆ ಕಡೆಯಿಂದ. “ಮಗಳಿಗಿ ಕೊಡ್ರಿ ಫೋನು.”

ಕೊಟ್ಟೆ. ಅವಳು ಅದನ್ನು ಕಿವಿಗೆ ಹಿಡಿದು ಒಳಗೆ ಹೋದಳು. ಹೊರಗೆ ನಾವಿಬ್ಬರು ಗುಮಾಸ್ತರು ಕೂತೆವು, ಒಬ್ಬರ ಮುಖ ಒಬ್ಬರು ನೋಡದೆ.